ಮೂರು ವರ್ಷದ ಬುದ್ಧಿ ನೂರು ವರ್ಷದ ತನಕವೇ?

'ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬುದು ಅದರ ಒಡಹುಟ್ಟು. ಮಕ್ಕಳ ವಿಷಯ ಬಂದಾಗಲೆಲ್ಲ ಹಿರಿಯರು ಈ ಎರಡರಲ್ಲಿ ಒಂದನ್ನು ಹೇಳಿ ಮಾತು ಮುಗಿಸಿಬಿಡುತ್ತಾರೆ. ಶಿಕ್ಷಕರಾದ ನಾವೂ ಇದಕ್ಕೆ ಹೊರತಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ನಂಬಿಕೆ ಬೇರೆ ನಮ್ಮ ಬೆನ್ನಿಗಿದೆ. ಆದರೆ ಇಷ್ಟು ವರ್ಷ ಪಾಠ ಹೇಳಿದ ಮೇಲೆ, ಒಂದಿಷ್ಟು ಓದಿದ ಮೇಲೆ, ಈ ಗಾದೆಗಳಲ್ಲಿ ಅರ್ಧ ಸತ್ಯವೂ ಅರ್ಧ ಅನ್ಯಾಯವೂ ಇದೆ ಎಂದು ನನಗೆ ತೋರಿದೆ. ಆ ಸತ್ಯ ಯಾವುದು, ಅನ್ಯಾಯ ಯಾವುದು ಎಂಬುದನ್ನು ನಮ್ಮ ಶಾಲೆಯ ಈ ವಾರ್ಷಿಕ ಸಂಚಿಕೆಯ ಮೂಲಕ ವಿದ್ಯಾರ್ಥಿಗಳ ಮುಂದೆಯೂ ಪಾಲಕರ ಮುಂದೆಯೂ ಇಡಬಯಸುತ್ತೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ, ನಾನು ನೌಕರಿಗೆ ಸೇರಿದ ಹೊಸತರಲ್ಲಿ, ಬೇರೊಂದು ಊರಿನ ಶಾಲೆಯಲ್ಲಿದ್ದಾಗ, 8ನೆಯ ವರ್ಗಕ್ಕೆ ಒಬ್ಬ ಹುಡುಗ ಬಂದು ಸೇರಿದ. ಹೆಸರು ಬೇಡ. ಕರೆದರೆ ತಲೆ ಎತ್ತುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಹೆಗಲ ಮೇಲೆ ಕೈಯಿಟ್ಟರೆ ಬೆಚ್ಚಿಬಿದ್ದು ಹೊಡೆಯಲು ಕೈ ಎತ್ತುತ್ತಿದ್ದ. ಮಧ್ಯಾಹ್ನ ಬಡಿಸಿದ ಖಿಚಡಿಯಲ್ಲಿ ಅರ್ಧ ತಿಂದು ಉಳಿದರ್ಧವನ್ನು ಡಬ್ಬಿಗೆ ತುಂಬಿ ಪಾಟಿಚೀಲದ ತಳದಲ್ಲಿ ಅಡಗಿಸುತ್ತಿದ್ದ. ಎರಡು ದಿನಕ್ಕೆ ಅದು ಹಳಸಿ ವರ್ಗವೆಲ್ಲ ನಾರುತ್ತಿತ್ತು. ನಾನು ಅವನನ್ನು ದಡ್ಡನೆಂದೆ, ಹೊಲಸನೆಂದೆ, ಬಾಗಿಲ ಹೊರಗೆ ನಿಲ್ಲಿಸಿದೆ. ಒಂದು ದಿನ ಫೂಟುಪಟ್ಟಿಯಿಂದ ಅಂಗೈ ಮೇಲೆ ಹೊಡೆದೆ. ಅವನು ಅಳಲಿಲ್ಲ. ಅಳದೆ ಇದ್ದುದನ್ನು ನಾನು ಸೊಕ್ಕು ಎಂದು ತಿಳಿದೆ.

ಮರುದಿನ ಅವನ ಅಜ್ಜಿ ಶಾಲೆಗೆ ಬಂದಳು. ಜಗಳಕ್ಕೆ ಬಂದಿರಬೇಕೆಂದು ನಾನು ಮನಸ್ಸು ಗಟ್ಟಿಮಾಡಿಕೊಂಡು ಕುಳಿತೆ. ಆಕೆ ಜಗಳವಾಡಲಿಲ್ಲ. "ಮಾಸ್ತರ್ರ, ಇಂವಾ ಎಂಟ ತಿಂಗಳ ಕೂಸ ಇದ್ದಾಗ ಇವನವ್ವ ಕಬ್ಬ ಕಡ್ಯಾಕ ಹೋದಲ್ಲೇ ತೀರಿಕೊಂಡ್ಳು. ಆಮ್ಯಾಲ ನಾಕ ವರ್ಷ ಅವರ ಮನಿ, ಇವರ ಮನಿ ಅಂತ ತಿರಗ್ಯಾನ. ಉಂಡಾನೋ ಇಲ್ಲೋ ಕೇಳಾವ್ರ ಇರಲಿಲ್ಲ. ನನ್ನ ಕಡೆ ಬಂದಾಗ ನೆಟ್ಟಗ ಮಾತ ಸೈತ ಬರ್ತಿರಲಿಲ್ರೀ" ಎಂದಳು. ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಆ ದಿನ ನನಗೆ ಪಾಠ ಹೇಳುವುದು ಆಗಲಿಲ್ಲ.

ನಾನು ಮಾಡಲಾರದ್ದನ್ನು ಆಮೇಲೆ ಮಾಡಿದವಳು ಶಾಲೆಯಲ್ಲಿ ಅಡಿಗೆ ಮಾಡುತ್ತಿದ್ದ ಮಾವಶಿ. ಅವಳಿಗೆ ಈ ವಿಷಯ ಹೇಳಿದಾಗ ಅವಳು ಏನೂ ಅನ್ನಲಿಲ್ಲ. ಮರುದಿನದಿಂದ ಅವನಿಗೆ ಬಡಿಸುವಾಗ ಒಂದು ಸೌಟು ಹೆಚ್ಚು ಹಾಕಿ, "ನಾಳೆನೂ ಮಾಡ್ತೀನಪಾ, ನಿನ್ನ ಪಾಲು ಎಲ್ಲೂ ಹೋಗೂದಿಲ್ಲ" ಎನ್ನತೊಡಗಿದಳು. ದಿನಾಲೂ ಅದೇ ಮಾತು, ಅದೇ ದನಿ. ದೀಪಾವಳಿಯಿಂದ ಹೋಳಿಯವರೆಗೆ ಒಂದು ದಿನವೂ ತಪ್ಪಲಿಲ್ಲ. ಹೋಳಿಯ ಹೊತ್ತಿಗೆ ಅವನ ಡಬ್ಬಿ ಖಾಲಿ ಇರತೊಡಗಿತು. ಬೇಸಿಗೆಯ ಹೊತ್ತಿಗೆ ಅವನು ನನ್ನ ಮುಖ ನೋಡಿ ಉತ್ತರ ಹೇಳತೊಡಗಿದ.

ನನ್ನ ಫೂಟುಪಟ್ಟಿಗೆ ಸಾಧಿಸದ್ದು ಒಂದು ಸೌಟು ಖಿಚಡಿಗೂ ಒಂದು ಮಾತಿಗೂ ಹೇಗೆ ಸಾಧಿಸಿತು ಎಂಬುದು ಆಗ ನನಗೆ ತಿಳಿಯಲಿಲ್ಲ. ಬಹಳ ಕಾಲದ ಮೇಲೆ ಮಕ್ಕಳ ಮೆದುಳಿನ ಬೆಳವಣಿಗೆಯ ಕುರಿತು ಓದಿದಾಗ ತಿಳಿಯಿತು.

ಹುಟ್ಟಿದ ಕೂಸಿನ ಮೆದುಳು ದೊಡ್ಡವರ ಮೆದುಳಿನ ಸುಮಾರು ಕಾಲುಭಾಗದಷ್ಟಿರುತ್ತದೆ. ಎರಡು ವರ್ಷಕ್ಕೆ ಅದು ಮುಕ್ಕಾಲು ಭಾಗದಷ್ಟಾಗುತ್ತದೆ. ಐದಾರು ವರ್ಷಕ್ಕೆ ಹತ್ತರಲ್ಲಿ ಒಂಬತ್ತು ಭಾಗ ಮುಟ್ಟುತ್ತದೆ. ದೇಹದ ಬೇರೆ ಯಾವ ಅಂಗವೂ ಇಷ್ಟು ಅವಸರದಲ್ಲಿ ಬೆಳೆಯುವುದಿಲ್ಲ. ಈ ಬೆಳವಣಿಗೆಯಲ್ಲಿ ಮುಖ್ಯವಾದುದು ನರಕೋಶಗಳು ಒಂದರೊಡನೊಂದು ಹಾಕಿಕೊಳ್ಳುವ ಕೊಂಡಿಗಳು. ಮೊದಲ ವರ್ಷಗಳಲ್ಲಿ ಇಂಥ ಕೊಂಡಿಗಳು ಬೇಕಾದುದಕ್ಕಿಂತಲೂ ಹೆಚ್ಚಾಗಿ ಹುಟ್ಟುತ್ತವೆ. ಬಳಕೆಯಲ್ಲಿ ಇರುವವು ಗಟ್ಟಿಯಾಗುತ್ತವೆ, ಬಳಸದವು ಕ್ರಮೇಣ ಕಳಚಿಹೋಗುತ್ತವೆ. ಹೊಲದ ಬದುವಿನ ಕಾಲುದಾರಿಯನ್ನು ನೆನೆಯಿರಿ. ಜನ ಓಡಾಡಿದಷ್ಟು ದಿನ ಅದು ದಾರಿ. ಯಾರೂ ಹೋಗದಿದ್ದರೆ ಮುಂದಿನ ಮಳೆಗಾಲಕ್ಕೆ ಅಲ್ಲಿ ಹುಲ್ಲು.

ಈ ದಾರಿಯನ್ನು ಸವೆಸುವುದು ಯಾವುದು? ಕೂಸು 'ಊಂ' ಎನ್ನುತ್ತದೆ, ತಾಯಿ 'ಏನವ್ವಾ, ಹಸಿವಾತೇನು' ಎನ್ನುತ್ತಾಳೆ. ಕೂಸು ನಗುತ್ತದೆ, ಅಜ್ಜ ಬೊಚ್ಚು ಬಾಯಿ ತೆರೆದು ನಗುತ್ತಾನೆ. ಕೂಸು ಅಳುತ್ತದೆ, ಯಾರೋ ಒಬ್ಬರು ಬಂದು ಎತ್ತಿಕೊಳ್ಳುತ್ತಾರೆ. ನೋಡುವವರಿಗೆ ಇದು ಹೊತ್ತು ಕಳೆಯುವ ಆಟ. ಮೆದುಳಿನ ಮಟ್ಟಿಗೆ ಇದೇ ಅನ್ನ. ದಿನಕ್ಕೆ ನೂರು ಸಲ ಕರೆದು ನೂರು ಸಲ ಓಗೊಡಿಸಿಕೊಂಡ ಕೂಸಿನಲ್ಲಿ ಮಾತಿನ ದಾರಿ, ನಂಬಿಕೆಯ ದಾರಿ, ಸಿಟ್ಟನ್ನು ತಡೆದುಕೊಳ್ಳುವ ದಾರಿ ಸವೆಯುತ್ತ ಹೋಗುತ್ತದೆ.

ಕರೆದರೂ ಓಗೊಡುವವರಿಲ್ಲದ, ಅಥವಾ ಓಗೊಟ್ಟವರು ಹೊಡೆಯುವ ಮನೆಯಲ್ಲಿ ಏನಾಗುತ್ತದೆ? ಹೆದರಿಕೆಯಾದಾಗ ನಮ್ಮೆಲ್ಲರ ರಕ್ತದಲ್ಲಿಯೂ ಕಾರ್ಟಿಸಾಲ್ ಎಂಬ ರಸ ಏರುತ್ತದೆ. ಹೆದರಿಕೆ ಹೋದ ಮೇಲೆ ಇಳಿಯುತ್ತದೆ. ಇದು ಪ್ರಕೃತಿಯ ಏರ್ಪಾಡು. ಆದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸಂತೈಸುವವರಿಲ್ಲದೆ ಹೆದರಿದ ಮಗುವಿನಲ್ಲಿ ಈ ಏರ್ಪಾಡೇ ಕೆಡುತ್ತದೆ. ಮೆದುಳಿನ ಒಳಗೆ ಬಾದಾಮಿಯ ಆಕಾರದ ಒಂದು ಭಾಗವಿದೆ. ಅಮಿಗ್ಡಲಾ ಎಂದು ಅದರ ಹೆಸರು. ಅಪಾಯವನ್ನು ಗುರುತಿಸುವುದು ಅದರ ಕೆಲಸ. ಅದು ಸದಾ ಕಾವಲು ನಿಂತ ನಾಯಿಯಂತೆ ಸಣ್ಣ ಸದ್ದಿಗೂ ಎಗರುತ್ತದೆ. ಹಣೆಯ ಹಿಂದಿರುವ, ಯೋಚಿಸಿ ತಡೆಯುವ ಭಾಗ ಹಿಂದೆ ಬೀಳುತ್ತದೆ. ಹೀಗಿರುವಾಗ ಹೆಗಲ ಮೇಲೆ ಕೈ ಬಿದ್ದರೆ ಆ ಹುಡುಗ ಬೆಚ್ಚಿದ್ದರಲ್ಲಿ, ಅನ್ನವನ್ನು ಅಡಗಿಸಿಟ್ಟದ್ದರಲ್ಲಿ ಆಶ್ಚರ್ಯವೇನು? ಯಾವ ನಾಲ್ಕು ವರ್ಷ ಅವನು ಮನೆಯಿಂದ ಮನೆಗೆ ತಿರುಗಿದನೋ ಆ ನಾಲ್ಕು ವರ್ಷ ಅವನನ್ನು ಬದುಕಿಸಿದ ಬುದ್ಧಿ ಅದು. ನಾನು ಹೊಡೆದದ್ದು ಆ ಬುದ್ಧಿಗೆ.

ಇಷ್ಟರಮಟ್ಟಿಗೆ ಗಾದೆ ಸತ್ಯ. ಮೂರು ವರ್ಷದೊಳಗೆ ಆದುದರ ಗುರುತು ಮೆದುಳಿನಲ್ಲಿ ಉಳಿಯುತ್ತದೆ. ಉಳಿದ ಗುರುತು ನೂರು ವರ್ಷ ಹಾಗೆಯೇ ಇರಬೇಕೇ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮಿಂದ ಬಹುದೂರದ ರುಮಾನಿಯಾ ದೇಶದಲ್ಲಿ, ಅದೂ ಒಂದು ದೊಡ್ಡ ದುರಂತದಿಂದ.

ಆ ದೇಶವನ್ನು ಆಳುತ್ತಿದ್ದ ನಿಕೊಲಾಯ್ ಚೌಶೆಸ್ಕು ಎಂಬವನು ಜನಸಂಖ್ಯೆ ಹೆಚ್ಚಬೇಕೆಂದು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ. ಸಾಕಲಾರದ ಬಡವರು ಮಕ್ಕಳನ್ನು ಸರಕಾರದ ಶಿಶುಗೃಹಗಳಿಗೆ ಒಪ್ಪಿಸುವಂತಾಯಿತು. 1989ರ ಡಿಸೆಂಬರಿನಲ್ಲಿ ಅವನ ಆಡಳಿತ ಉರುಳಿದಾಗ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಅಂಥ ಗೃಹಗಳಲ್ಲಿದ್ದರು. ಸಾಲುಸಾಲು ತೊಟ್ಟಿಲು, ಒಬ್ಬ ದಾದಿಗೆ ಹತ್ತು-ಹದಿನೈದು ಕೂಸು. ಹೊತ್ತಿಗೆ ಹಾಲು ಸಿಗುತ್ತಿತ್ತು, ಎತ್ತಿಕೊಳ್ಳುವ ಕೈ ಸಿಗುತ್ತಿರಲಿಲ್ಲ. ಆ ಕೋಣೆಗಳಲ್ಲಿ ಅಳುವಿನ ಸದ್ದೇ ಇರಲಿಲ್ಲ ಎಂದು ನೋಡಿಬಂದವರು ಬರೆದಿದ್ದಾರೆ. ಅತ್ತರೆ ಯಾರೂ ಬರುವುದಿಲ್ಲ ಎಂದು ಕಲಿತ ಕೂಸು ಅಳುವುದನ್ನೇ ಬಿಡುತ್ತದೆ. ಅದನ್ನು ಓದಿದಾಗ ನನಗೆ ನಮ್ಮ ಹುಡುಗನ ಅಳದ ಮುಖ ಕಣ್ಣ ಮುಂದೆ ಬಂತು.

ಅಮೆರಿಕದ ಚಾರ್ಲ್ಸ್ ನೆಲ್ಸನ್, ನಾಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ವಿಜ್ಞಾನಿಗಳು 2000ದಲ್ಲಿ ಆ ದೇಶದ ರಾಜಧಾನಿ ಬುಖಾರೆಸ್ಟ್‌ನಲ್ಲಿ ಒಂದು ಅಧ್ಯಯನಕ್ಕೆ ತೊಡಗಿದರು. ಆರು ಶಿಶುಗೃಹಗಳಿಂದ 136 ಮಕ್ಕಳು; ವಯಸ್ಸು ಆರು ತಿಂಗಳಿಂದ ಎರಡೂವರೆ ವರ್ಷದ ಆಸುಪಾಸು. ಚೀಟಿ ಎತ್ತಿದಂತೆ ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಆರಿಸಿ ಸಾಕು ಕುಟುಂಬಗಳಿಗೆ ಕೊಟ್ಟರು. ಮಗುವನ್ನು ತಮ್ಮದೇ ಎಂಬಂತೆ ನೋಡಿಕೊಳ್ಳಬೇಕೆಂದು ಆ ಸಾಕುತಾಯಂದಿರಿಗೆ ಹೇಳಲಾಗಿತ್ತು; ಮನೆಗೆ ಬಂದು ಸಲಹೆ ಕೊಡುವ ಕಾರ್ಯಕರ್ತೆಯರ ನೆರವೂ ಇತ್ತು. ಉಳಿದರ್ಧ ಮಕ್ಕಳನ್ನು ಅಲ್ಲಿಯೇ ಬಿಟ್ಟದ್ದು ನ್ಯಾಯವೇ ಎಂದು ನೀವು ಕೇಳಬಹುದು. ಆಗ ಆ ಊರಿನಲ್ಲಿ ಸಾಕು ಕುಟುಂಬದ ವ್ಯವಸ್ಥೆ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಅಧ್ಯಯನಕ್ಕಾಗಿ ಯಾವ ಮಗುವನ್ನೂ ಗೃಹದಲ್ಲಿ ತಡೆದಿಡಲಿಲ್ಲ. ಮನೆ ಸಿಕ್ಕ ಮಕ್ಕಳು ಹೋದರು. ಆದರೂ ಆ ಪ್ರಶ್ನೆ ಕೇಳತಕ್ಕದ್ದೇ.

ಫಲವೇನಾಯಿತು? ನಾಲ್ಕೂವರೆ ವರ್ಷದ ವಯಸ್ಸಿನಲ್ಲಿ ಬುದ್ಧಿಲಬ್ಧವನ್ನು, ಅಂದರೆ ಐ.ಕ್ಯೂ.ವನ್ನು ಅಳೆದಾಗ, ಶಿಶುಗೃಹದ ಪಾಲಿಗೆ ಬಂದ ಮಕ್ಕಳದು ಸರಾಸರಿ 73, ಸಾಕುಮನೆಗೆ ಹೋದವರದು 81, ಹುಟ್ಟಿನಿಂದ ತಮ್ಮ ಮನೆಯಲ್ಲೇ ಬೆಳೆದವರದು 109. ಬೇಗ ಮನೆ ಸೇರಿದಷ್ಟೂ ಲಾಭ ಹೆಚ್ಚು. ಮೂರೂವರೆ ವರ್ಷದಲ್ಲಿ ಅಳೆದಾಗ, ಒಂದೂವರೆ ವರ್ಷದೊಳಗೆ ಸಾಕುಮನೆ ಸೇರಿದವರ ಸರಾಸರಿ 94 ಇತ್ತು. ಎರಡೂವರೆ ವರ್ಷದ ಮೇಲೆ ಸೇರಿದವರದು 80. ಎಂಟನೆಯ ವಯಸ್ಸಿನಲ್ಲಿ ಮೆದುಳಿನ ವಿದ್ಯುತ್ ಅಲೆಗಳನ್ನು ನೋಡಿದಾಗ, ಎರಡು ವರ್ಷದೊಳಗೆ ಸಾಕುಮನೆ ಸೇರಿದವರ ಅಲೆಗಳು ಮನೆಯಲ್ಲಿ ಬೆಳೆದ ಮಕ್ಕಳ ಅಲೆಗಳಂತೆಯೇ ಇದ್ದವು. ಅದೇ ಸುಮಾರಿಗೆ ಮೆದುಳಿನ ಚಿತ್ರ ತೆಗೆದಾಗ, ಮೆದುಳಿನ ಭಾಗಗಳನ್ನು ಜೋಡಿಸುವ ಬಿಳಿಯ ತಂತುಗಳ ಅಂಶ ಸಾಕುಮನೆಯ ಮಕ್ಕಳಲ್ಲಿ ಚೇತರಿಸಿಕೊಂಡಂತೆ ಕಂಡಿತು. ಯಾವ ಔಷಧಿಯಿಂದ? ತನ್ನದೇ ಎಂದು ಎತ್ತಿಕೊಂಡ ಒಬ್ಬ ಹೆಂಗಸಿನಿಂದ.

ಇಲ್ಲಿ ಮಾತನ್ನು ನಿಲ್ಲಿಸಿದರೆ ನಾನು ನಿಮಗೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಎಲ್ಲವೂ ವಾಸಿಯಾಗಲಿಲ್ಲ. ಮೆದುಳಿನ ಬೂದುಬಣ್ಣದ ಅಂಶ ಎರಡೂ ಗುಂಪಿನಲ್ಲಿ ಕಡಿಮೆಯೇ ಉಳಿಯಿತು. ಗಮನವಿಟ್ಟು ಕೂಡ್ರಲಾರದ ತೊಂದರೆ ಸಾಕುಮನೆಯಲ್ಲಿಯೂ ಅಷ್ಟಾಗಿ ತಗ್ಗಲಿಲ್ಲ. ರುಮಾನಿಯಾದ ಇಂಥ ಗೃಹಗಳಿಂದ ಇಂಗ್ಲೆಂಡಿಗೆ ದತ್ತು ಹೋದ 165 ಮಕ್ಕಳನ್ನು ಮೈಕೇಲ್ ರಟ್ಟರ್ ಎಂಬ ಮನೋವೈದ್ಯರೂ ಅವರ ಸಂಗಡಿಗರೂ ದೊಡ್ಡವರಾಗುವವರೆಗೆ ಹಿಂಬಾಲಿಸಿ ನೋಡಿದರು. ಆರು ತಿಂಗಳೊಳಗೆ ಗೃಹದಿಂದ ಹೊರಬಂದವರು ಇತರ ದತ್ತು ಮಕ್ಕಳಷ್ಟೇ ಚೆನ್ನಾಗಿ ಬೆಳೆದರು. ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಅನೇಕರಿಗೆ ಕೆಲವು ತೊಂದರೆಗಳು ಉಳಿದವು. 2020ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಒಳ್ಳೆಯ ಮನೆಗಳಲ್ಲಿ ಇಪ್ಪತ್ತು ವರ್ಷ ಬೆಳೆದ ಮೇಲೂ ಅವರ ಮೆದುಳಿನ ಗಾತ್ರ ಶೇಕಡಾ 8.6ರಷ್ಟು ಸಣ್ಣದಿತ್ತು. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಚಿಕ್ಕವರಿದ್ದಾಗ ಬುದ್ಧಿಯಲ್ಲಿ ಬಹಳ ಹಿಂದುಳಿದಿದ್ದ ಆ ಮಕ್ಕಳು ಪ್ರಾಯಕ್ಕೆ ಬರುವ ಹೊತ್ತಿಗೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಂಡಿದ್ದರು. ದೀರ್ಘಕಾಲ ಗೃಹದಲ್ಲಿದ್ದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಯಾವ ಹೇಳತಕ್ಕ ತೊಂದರೆಯೂ ಕಾಣಿಸಿಕೊಂಡಿರಲಿಲ್ಲ. ಗಾಯ ಮಾಯುತ್ತದೆ, ಕಲೆ ಕೆಲವೊಮ್ಮೆ ಉಳಿಯುತ್ತದೆ. ಕಲೆ ಉಳಿಯುವುದೆಂದು ಗಾಯಕ್ಕೆ ಮದ್ದು ಹಚ್ಚದೆ ಬಿಡುವವರುಂಟೇ?

"ರುಮಾನಿಯಾ ಎಲ್ಲಿ, ನಮ್ಮ ಜತ್ತ ತಾಲೂಕು ಎಲ್ಲಿ? ನಮ್ಮಲ್ಲಿ ದುಡ್ಡೂ ಇಲ್ಲ, ವಿಜ್ಞಾನಿಗಳೂ ಇಲ್ಲ" ಎಂದು ಯಾರಾದರೂ ಅಂದಾರು. ಅವರಿಗೆ ಜಮೈಕಾ ಎಂಬ ಬಡದೇಶದ ಮಾತು ಹೇಳುತ್ತೇನೆ. ಅಲ್ಲಿಯ ಕಿಂಗ್‌ಸ್ಟನ್ ಪಟ್ಟಣದ ಬಡ ಓಣಿಗಳಲ್ಲಿ ಸರಿಯಾಗಿ ಬೆಳೆಯದೆ ಗಿಡ್ಡಾಗಿ ಉಳಿದ 129 ಮಕ್ಕಳನ್ನು 1986-87ರಲ್ಲಿ ಆರಿಸಿಕೊಂಡರು. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಆ ಕೆಲಸದ ಮುಂದಾಳು. ಕೆಲವು ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯೊಬ್ಬಳು ವಾರಕ್ಕೊಮ್ಮೆ ಒಂದು ತಾಸು ಬಂದು, ಮಗುವಿನೊಡನೆ ಹೇಗೆ ಮಾತಾಡಬೇಕು, ಹೇಗೆ ಆಡಬೇಕು ಎಂದು ತಾಯಿಗೆ ತೋರಿಸಿಕೊಡುತ್ತಿದ್ದಳು. ಆಟಿಕೆಗಳೆಲ್ಲ ಮನೆಯಲ್ಲಿ ಬಿಸಾಡುವ ವಸ್ತುಗಳಿಂದ ಮಾಡಿದಂಥವು. ಇದು ನಡೆದದ್ದು ಎರಡು ವರ್ಷ. ಇಪ್ಪತ್ತು ವರ್ಷಗಳ ಮೇಲೆ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆ ಒಂದು ತಾಸಿನ ಲಾಭ ಪಡೆದವರ ಗಳಿಕೆ ಪಡೆಯದವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು. ಈ ಫಲಿತಾಂಶ ಪ್ರಕಟವಾದದ್ದು 2014ರಲ್ಲಿ.

ಇನ್ನು ಹವಾಯಿ ದ್ವೀಪಗಳಲ್ಲಿ ಒಂದಾದ ಕವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ವಿದುಷಿ ದಶಕಗಳ ಕಾಲ ನೋಡುತ್ತ ಬಂದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿಯೂ ಮೂರರಲ್ಲಿ ಒಂದು ಪಾಲು ನೆಟ್ಟಗೆ ಬೆಳೆದು ಒಳ್ಳೆಯ ಸಂಸಾರಿಗಳಾದರು. ಅವರಿಗೆ ಏನು ಆಸರೆಯಾಯಿತೆಂದು ಹುಡುಕಿದಾಗ ಪದೇ ಪದೇ ಕಂಡ ಸಂಗತಿಗಳಲ್ಲಿ ಒಂದು ಇದು: ಅವರ ಬಾಳಿನಲ್ಲಿ ಕೈಬಿಡದ ಒಬ್ಬ ಹಿರಿಯ ಇದ್ದ. ತಂದೆತಾಯಿಯೇ ಆಗಬೇಕೆಂದಿರಲಿಲ್ಲ, ಅಜ್ಜಿ, ಅಕ್ಕ, ನೆರೆಯವಳು, ಶಿಕ್ಷಕ ಯಾರಾದರೂ ಆದೀತು. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂದು ನಾವು ನಗೆಯಾಡುತ್ತೇವೆ. ಹೆಗ್ಗಣವಾದರೂ ಸರಿ, ತನ್ನನ್ನು ಮುದ್ದು ಎನ್ನುವವರು ಒಬ್ಬರಾದರೂ ಪ್ರತಿಯೊಂದು ಮಗುವಿಗೂ ಬೇಕು. ಹೆತ್ತವರಿಲ್ಲದಿದ್ದರೆ ಆ ಜಾಗದಲ್ಲಿ ನಿಲ್ಲುವವರು ಬೇಕು. ಇದೇ ನಾನು ಹೇಳಬೇಕೆಂದಿರುವ ಮುಖ್ಯ ಮಾತು.

ಹೈಸ್ಕೂಲಿನ ಮಕ್ಕಳಿಗೆ ಇದೆಲ್ಲ ಹೊತ್ತು ಮೀರಿದ ಮಾತಲ್ಲವೇ ಎಂದರೆ, ಅಲ್ಲ. ಹಣೆಯ ಹಿಂದಿನ ಆ ತಡೆಯುವ ಭಾಗ ಇಪ್ಪತ್ತೈದರ ಸುಮಾರಿನವರೆಗೂ ಬಲಿಯುತ್ತಲೇ ಇರುತ್ತದೆ. ಅಮೆರಿಕದ ಮಿನೆಸೋಟಾದಲ್ಲಿ ಮೇಗನ್ ಗನ್ನರ್ ಎಂಬವರೂ ಅವರ ಸಂಗಡಿಗರೂ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹೆಚ್ಚಿನ ಭರವಸೆ ಕೊಡುತ್ತದೆ. ಶೈಶವದಲ್ಲಿ ಅನಾಥಾಲಯಗಳಲ್ಲಿದ್ದು ಆಮೇಲೆ ಒಳ್ಳೆಯ ಮನೆ ಸೇರಿದ ಮಕ್ಕಳಲ್ಲಿ ಕೆಟ್ಟುಹೋಗಿದ್ದ ಕಾರ್ಟಿಸಾಲಿನ ಏರಿಳಿತ, ಅವರು ಪ್ರಾಯಕ್ಕೆ ಬರುತ್ತಿದ್ದಂತೆ ಇತರ ಮಕ್ಕಳ ಹದಕ್ಕೆ ಬರತೊಡಗಿತ್ತು. ಪ್ರಾಯದ ಹೊಸ್ತಿಲಲ್ಲಿ ಪ್ರಕೃತಿ ಒಂದು ಕಿಟಕಿಯನ್ನು ಮತ್ತೊಮ್ಮೆ ತೆರೆಯುವಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಸುತ್ತಲಿನ ಬದುಕು ಆಸರೆಯಾಗಿದ್ದರೆ ಹಳೆಯ ಲೆಕ್ಕವನ್ನು ತಿದ್ದಿಕೊಳ್ಳಲು ಅವಕಾಶವುಂಟು. 8ನೆಯ ವರ್ಗದಿಂದ 10ನೆಯ ವರ್ಗದವರೆಗಿನ ವಯಸ್ಸು ಸರಿಯಾಗಿ ಅದೇ. ಹಾಗಾಗಿ ಹೈಸ್ಕೂಲಿನ ಶಿಕ್ಷಕನಿಗೆ, 'ತಳಪಾಯ ಕೆಟ್ಟಿದೆ, ನಾನೇನು ಮಾಡಲಿ' ಎನ್ನುವ ಹಕ್ಕಿಲ್ಲ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಮಳೆ ಕೈಕೊಡುವ ನಮ್ಮ ಈ ಭಾಗದಿಂದ ಪ್ರತಿವರ್ಷ ದಸರೆ-ದೀಪಾವಳಿ ಕಳೆಯುತ್ತಲೂ ಎಷ್ಟೋ ಸಂಸಾರಗಳು ಮುಕಾದಮನ ಹತ್ತಿರ ಮುಂಗಡ ಪಡೆದು, ಟೋಳಿ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುತ್ತವೆ. ಯಾರೂ ಹೌಸಿಗೆ ಹೋಗುವುದಿಲ್ಲ. ಮಕ್ಕಳನ್ನು ಬಿಟ್ಟುಹೋಗುವ ತಾಯಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದು ಹೇಳುವವನು ಕಲ್ಲೆದೆಯವನು. ಬಡತನವೇ ಮಕ್ಕಳ ಮೆದುಳನ್ನು ಕೆಡಿಸುತ್ತದೆಂದೂ ನಾನು ಹೇಳುತ್ತಿಲ್ಲ. ಜೋಪಡಿಯಲ್ಲಿ ಅವ್ವನ ಬೆನ್ನಿಗಂಟಿ ಬೆಳೆದ ಮಗು ಬಂಗಲೆಯಲ್ಲಿ ಒಂಟಿಯಾಗಿ ಬೆಳೆದ ಮಗುವಿಗಿಂತ ಗಟ್ಟಿಯಾಗಿರಬಹುದು. ಆದರೆ ಹೋಗುವ ಮುನ್ನ ಕೆಲವು ಮಾತುಗಳನ್ನು ನೆನಪಿಡಿರೆಂದು ಪಾಲಕರಲ್ಲಿ ಕೈಮುಗಿದು ಕೇಳುತ್ತೇನೆ.

ಮೊಲೆಗೂಸನ್ನು ಸಾಧ್ಯವಾದಷ್ಟು ತಾಯಿಯಿಂದ ಅಗಲಿಸಬೇಡಿರಿ. ದೊಡ್ಡ ಮಕ್ಕಳನ್ನು ಬಿಡುವುದಾದರೆ ಹಂಗಾಮು ಮುಗಿಯುವವರೆಗೆ ಒಬ್ಬರ ಬಳಿಯೇ ಬಿಡಿರಿ. ಒಂದು ತಿಂಗಳು ಕಾಕಾನ ಮನೆ, ಒಂದು ತಿಂಗಳು ಸೋದರಮಾವನ ಮನೆ ಎಂದು ತಿರುಗಿಸಬೇಡಿರಿ. ಮಕ್ಕಳು ಮಲಗಿರುವಾಗ ಕದ್ದು ಹೋಗಬೇಡಿರಿ. ಅಳಲಿ, ಹೇಳಿ ಹೋಗಿರಿ, ಎಂದು ಬರುತ್ತೀರೆಂಬುದನ್ನೂ ಹೇಳಿರಿ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇದೆ. ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಮಾತಾಡಿರಿ. ಹೇಳಿದ ಹೊತ್ತಿಗೆ ಬರುವ ಒಂದು ಕರೆ, ಹೇಳದೆ ಬರುವ ಹತ್ತು ಕರೆಗಳಿಗಿಂತ ಮೇಲು. ಅಜ್ಜ-ಅಜ್ಜಿಯರೇ, 'ನಿಮ್ಮವ್ವ ನಿನ್ನ ಒಗದ ಹೋಗ್ಯಾಳ' ಎಂದು ಚೇಷ್ಟೆಗೂ ಅನ್ನಬೇಡಿರಿ. ನಿಮಗದು ಹಾಸ್ಯ, ಮಗುವಿಗದು ಸತ್ಯ. ಮೂರು ವರ್ಷದ ಮೇಲಿನ ಮಕ್ಕಳನ್ನು ತಪ್ಪದೆ ಅಂಗನವಾಡಿಗೆ ಕಳಿಸಿರಿ. 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆಯಿಂದ ಬಂದ ಆ ಅಂಗನವಾಡಿಯಲ್ಲಿ ಊಟದಷ್ಟೇ ಬೆಲೆಯುಳ್ಳದ್ದು ಅಲ್ಲಿಯ ಹಾಡು, ಆಟ ಮತ್ತು ದಿನವೂ ಹೆಸರು ಹಿಡಿದು ಕರೆಯುವ ಒಬ್ಬ ಬಾಯಿ.

ಶಿಕ್ಷಕ ಬಂಧುಗಳಿಗೂ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಕಾಯ್ದೆಗೆ ಹೆದರಿ ಬೆತ್ತ ಕೆಳಗಿಟ್ಟವರು ನಾಲಗೆಯನ್ನು ಕೆಳಗಿಟ್ಟಿಲ್ಲ. "ನಮಗೆಲ್ಲ ಮಾಸ್ತರು ಹೊಡೆಯಲಿಲ್ಲವೇ, ನಾವು ಕೆಟ್ಟೆವೇ?" ಎಂದು ಅನೇಕರು ಕೇಳುತ್ತಾರೆ. ನಮ್ಮನ್ನು ಹೊಡೆದ ದಿನ ಸಂಜೆ ಮನೆಯಲ್ಲಿ ಎಣ್ಣೆ ಹಚ್ಚುವ ಅವ್ವ ಇದ್ದಳು. ನಮ್ಮನ್ನು ಕಾದದ್ದು ಆ ಎಣ್ಣೆ, ಬೆತ್ತವಲ್ಲ. ಅವ್ವ ಇಲ್ಲದ ಮಗುವಿಗೆ ಹೊಡೆದಾಗ ಅದು ಹೋಗಬೇಕಾದದ್ದಾದರೂ ಎಲ್ಲಿಗೆ? ಹಾಗೆಂದು ಶಿಸ್ತನ್ನು ಬಿಟ್ಟುಬಿಡಿರೆಂದು ನಾನು ಹೇಳುವುದಿಲ್ಲ. ಹೆದರಿ ಬೆಳೆದ ಮಗುವಿಗೆ ಬೇರೆ ಮಕ್ಕಳಿಗಿಂತಲೂ ಹೆಚ್ಚಾಗಿ ನಿಯಮ ಬೇಕು. ಇಂದು ಇದ್ದ ನಿಯಮ ನಾಳೆಯೂ ಇರಬೇಕು. ತಪ್ಪನ್ನು ತಿದ್ದೋಣ, ನಾಲ್ಕು ಜನರ ಮುಂದೆ ಮಾನ ಕಳೆಯುವುದು ಬೇಡ. ಪ್ರೀತಿಯೊಂದರಿಂದಲೇ ಎಲ್ಲವೂ ಸರಿಹೋಗುತ್ತದೆಂದು ವೈದ್ಯರನ್ನು ಮರೆಯುವುದೂ ಬೇಡ. ಮಾತು ಬಾರದ, ನಿದ್ದೆ ಹತ್ತದ, ತನ್ನನ್ನು ತಾನೇ ಗಾಯ ಮಾಡಿಕೊಳ್ಳುವ ಮಗುವನ್ನು ಮಕ್ಕಳ ವೈದ್ಯರಿಗೂ ಮನೋವೈದ್ಯರಿಗೂ ತೋರಿಸುವುದು ನಾಚಿಕೆಯ ಕೆಲಸವಲ್ಲ.

ಕೊನೆಗೆ, ವಿದ್ಯಾರ್ಥಿ ಮಿತ್ರರೇ, ನಿಮಗೆ. ನಿಮ್ಮಲ್ಲಿ ಎಷ್ಟೋ ಜನ ಹುಡುಗಿಯರು ಶಾಲೆ ಬಿಟ್ಟೊಡನೆ ಮನೆಗೆ ಓಡಿ ತಮ್ಮನನ್ನೋ ತಂಗಿಯನ್ನೋ ಟೊಂಕದ ಮೇಲೆ ಹೊರುತ್ತೀರಿ. ಆ ಕೆಲಸ ನಿಮ್ಮೊಬ್ಬರ ಪಾಲಿಗೇ ಬೀಳುವುದು ನ್ಯಾಯವಲ್ಲ. ಹುಡುಗರೂ ಹೆಗಲು ಕೊಡಬೇಕು. ಆದರೆ ಹೊತ್ತಾಗ ಸುಮ್ಮನೆ ಹೊರಬೇಡಿರಿ. ಮಾತಾಡಿಸಿರಿ, ಕಾಗೆ ತೋರಿಸಿರಿ, ಅದು 'ಆ' ಎಂದರೆ ನೀವೂ 'ಆ' ಎನ್ನಿರಿ. ನೀವು ಒಂದು ಮೆದುಳನ್ನು ಕಟ್ಟುತ್ತಿದ್ದೀರಿ. ನಿಮ್ಮ ವರ್ಗದಲ್ಲಿ ಯಾರಾದರೂ ಮೂಲೆಯಲ್ಲಿ ಒಬ್ಬನೇ ಕುಳಿತು ಉಣ್ಣುತ್ತಿದ್ದರೆ ಅವನ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳಿರಿ. ಒಂದು ದಿನ ಹೋಗಿ ಬಿಡಬೇಡಿರಿ, ನಾಳೆಯೂ ಹೋಗಿರಿ. ಇದನ್ನು ಓದುತ್ತಿರುವ ನಿನಗೇ ಅಂಥ ನೋವು ಇದ್ದರೆ, ಮಗು, ಅದು ನಿನ್ನ ತಪ್ಪಲ್ಲ. ನೀನು ದಡ್ಡನೂ ಅಲ್ಲ. ನಂಬಬಹುದಾದ ಒಬ್ಬ ಹಿರಿಯರಿಗೆ ಹೇಳು. ಮನೆಯಲ್ಲಿ ಹೇಳಲಾಗದಂಥದ್ದಾದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ದುಡ್ಡಿಲ್ಲದೆ ಫೋನು ಮಾಡಬಹುದು. ನನ್ನ ಬಳಿಗೂ ಬರಬಹುದು. ನಾನು ಫೂಟುಪಟ್ಟಿಯನ್ನು ಗೆರೆ ಎಳೆಯಲು ಮಾತ್ರ ಬಳಸುತ್ತ ಬಹಳ ವರ್ಷಗಳಾದವು.

ಆ ಹುಡುಗನ ಕಥೆ ಏನಾಯಿತೆಂದು ನೀವು ಕೇಳುವಿರಿ. ಅವನು 10ನೆಯ ವರ್ಗದಲ್ಲಿ ಒಮ್ಮೆ ನಪಾಸಾಗಿ ಎರಡನೆಯ ಸಲ ಪಾಸಾದ. ಮುಂದೆ ಟ್ರ್ಯಾಕ್ಟರಿನ ಕೆಲಸ ಕಲಿತ. ಈಗಲೂ ಗದ್ದಲದಲ್ಲಿ ನಿಲ್ಲಲಾರನಂತೆ, ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲವಂತೆ. ಎರಡು ವರ್ಷದ ಹಿಂದೆ ಜತ್ತದ ಜಾತ್ರೆಯಲ್ಲಿ ಸಿಕ್ಕಿದ್ದ. ಹೆಗಲ ಮೇಲೆ ವರ್ಷ ತುಂಬದ ಮಗಳಿದ್ದಳು. ಅವಳು ಬಲೂನು ತೋರಿಸಿ ಏನೋ ತೊದಲಿದರೆ ಇವನು ನನ್ನೊಡನೆ ಆಡುತ್ತಿದ್ದ ಮಾತು ನಿಲ್ಲಿಸಿ, "ಹೌದವ್ವಾ, ಕೆಂಪಂದು" ಎಂದು ಉತ್ತರ ಕೊಟ್ಟೇ ಮುಂದೆ ಮಾತಾಡುತ್ತಿದ್ದ. ನಾನು ಆ ದಿನ ಹೊಡೆದುದಕ್ಕೆ ತಪ್ಪಾಯಿತೆಂದೆ. ಅವನು ನಕ್ಕು, "ಅದನ್ಯಾಕ ತಗೀತೀರಿ ಸರ, ಖಿಚಡಿ ಮಾವಶಿ ಹ್ಯಾಂಗದಾಳ?" ಎಂದು ಕೇಳಿದ.

ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಇದ್ದೀತು, ನಡುವೆ ಯಾರೂ ಕೈ ಹಿಡಿಯದಿದ್ದರೆ. ಹಿಡಿಯುವವರು ಒಬ್ಬರು ಸಿಕ್ಕರೆ, ಹದಿಮೂರು ವರ್ಷದಲ್ಲಿ ಸಿಕ್ಕರೂ, ಮಾತು ಬೇರೆಯಾಗುತ್ತದೆ. ಮುಂದಿನ ಸಲ ಯಾವುದಾದರೂ ಮಗುವನ್ನು ನೋಡಿ ಆ ಗಾದೆ ನಿಮ್ಮ ನಾಲಗೆಗೆ ಬಂದರೆ, ದಯಮಾಡಿ ಅದನ್ನು ನುಂಗಿಕೊಳ್ಳಿರಿ. ಅದರ ಬದಲು ಆ ಮಗುವಿಗೆ ನಮ್ಮ ಮಾವಶಿಯ ಮಾತು ಹೇಳಿರಿ: ನಾಳೆಯೂ ಮಾಡುತ್ತೇನೆ, ನಿನ್ನ ಪಾಲು ಎಲ್ಲೂ ಹೋಗುವುದಿಲ್ಲ.

— ಶಾಲೆಯ ಒಬ್ಬ ಶಿಕ್ಷಕ